ಕೋಳಿ ಹಿಕ್ಕೆ ಮತ್ತು ಕಪ್ಪು ಸೈನಿಕ ನೊಣ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಶಾಲೆಯ ನೆನಪುಗಳನ್ನು ಹೇಳಿ ಎಂದು ನನ್ನನ್ನು ಕರೆದಿದ್ದಾರೆ. ಆದರೆ ಪಶುವೈದ್ಯನಾದ ನಾನು ಇವತ್ತು ಕೋಳಿ ಹಿಕ್ಕೆಯ ಬಗ್ಗೆ ಮಾತನಾಡುತ್ತೇನೆ. ಊರಿನಲ್ಲಿ ಈಗ ಮನಸ್ತಾಪ ಬಂದಿರುವುದು ಅದರಿಂದಲೇ. ಸಾಲ ಮಾಡಿ ಮೊಟ್ಟೆ ಕೋಳಿ ಶೆಡ್ ಹಾಕಿದವರು ಇದೇ ಶಾಲೆಯಲ್ಲಿ ಓದಿದ ಹುಡುಗರು. ನೊಣದ ಕಾಟ ತಾಳಲಾರದೆ ಶೆಡ್ ಮುಚ್ಚಿಸಿ ಎಂದು ಅರ್ಜಿ ಕೊಟ್ಟವರೂ ಇಲ್ಲಿಯೇ ಓದಿದವರು. ಮಕ್ಕಳ ಬಿಸಿಯೂಟಕ್ಕೆ ಮೊಟ್ಟೆ ಬೇಕು, ಆದರೆ ತಟ್ಟೆಯ ಮೇಲೆ ನೊಣ ಕೂರಬಾರದು. ಎರಡೂ ನ್ಯಾಯವೇ.

ಒಂದು ಮೊಟ್ಟೆ ಕೋಳಿ ದಿನಕ್ಕೆ ಸುಮಾರು 100 ಗ್ರಾಂ ಹಸಿ ಹಿಕ್ಕೆ ಹಾಕುತ್ತದೆ. 5,000 ಕೋಳಿಗಳೆಂದರೆ ದಿನಕ್ಕೆ ಅರ್ಧ ಟನ್. ಬೆಚ್ಚಗಿನ ದಿನಗಳಲ್ಲಿ ಮನೆನೊಣದ ಮೊಟ್ಟೆ ಹತ್ತೇ ದಿನದಲ್ಲಿ ಹಾರುವ ನೊಣವಾಗುತ್ತದೆ. ಬರೀ ಔಷಧಿ ಹೊಡೆದರೆ ಸಾಲದು, ಅದು ಹುಟ್ಟುವ ಜಾಗವನ್ನೇ ತಪ್ಪಿಸಬೇಕು.

ಆ ಕೆಲಸಕ್ಕೆ ಇನ್ನೊಂದು ನೊಣವಿದೆ. ಅದೇ ಕಪ್ಪು ಸೈನಿಕ ನೊಣ, ಇಂಗ್ಲಿಷಿನಲ್ಲಿ ಬ್ಲ್ಯಾಕ್ ಸೋಲ್ಜರ್ ಫ್ಲೈ. ಮೂಲ ಅಮೆರಿಕ ಖಂಡದ್ದು. ಇದು ಕಚ್ಚುವುದಿಲ್ಲ, ಅನ್ನದ ಮೇಲೆ ಕೂರುವ ಚಾಳಿಯೂ ಇದಕ್ಕಿಲ್ಲ. ಮೊಟ್ಟೆಯೊಡೆದು ಬಂದ ಮರಿಹುಳು ಎರಡು ಮೂರು ವಾರ ಹಿಕ್ಕೆಯನ್ನು ತಿಂದು ಕೊಬ್ಬುತ್ತದೆ. ಇವು ತುಂಬಿರುವ ಕಡೆ ಮನೆನೊಣ ಮೊಟ್ಟೆಯಿಡಲು ಹಿಂಜರಿಯುತ್ತದೆ. ಬೆಳೆದ ಹುಳು ಕಪ್ಪಾಗಿ, ಒಣ ಜಾಗ ಹುಡುಕುತ್ತಾ ತಾನೇ ಹೊರಗೆ ತೆವಳುತ್ತದೆ. ತೊಟ್ಟಿಯ ಒಂದು ಗೋಡೆಯನ್ನು ಇಳಿಜಾರು ಮಾಡಿ, ಹೊರಗೆ ಬಕೆಟ್ ಇಟ್ಟರೆ ಹುಳು ಅದರಲ್ಲಿ ಬಂದು ಬೀಳುತ್ತದೆ.

ಇದು ಬರೀ ಊಹೆಯಲ್ಲ. ಜಾರ್ಜಿಯಾ ವಿಶ್ವವಿದ್ಯಾಲಯದ ಕ್ರೇಗ್ ಶೆಪರ್ಡ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಮೊಟ್ಟೆ ಕೋಳಿಗಳ ಪಂಜರದ ಕೆಳಗೇ ಇದನ್ನು ಸಾಕಿ ನೋಡಿ, 1994ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಿಕ್ಕೆಯ ರಾಶಿ ಅರ್ಧಕ್ಕಿಳಿದಿತ್ತು, ಮನೆನೊಣದ ಕಾಟ ನಿಂತಿತ್ತು.

ಒಣಗಿಸಿದ ಹುಳುವಿನಲ್ಲಿ ಸುಮಾರು ಶೇ. 40 ಪ್ರೋಟೀನ್ ಇರುತ್ತದೆ. ಸೋಯಾ ಹಿಂಡಿಯ ಬೆಲೆ ಬಲ್ಲ ರೈತನಿಗೆ ಇದರ ಬೆಲೆ ಗೊತ್ತಾಗುತ್ತದೆ. ಆದರೆ ವೈದ್ಯನಾಗಿ ಒಂದು ಎಚ್ಚರಿಕೆ ಹೇಳಲೇಬೇಕು. ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾದಂಥ ರೋಗಾಣು, ಔಷಧಿಯ ಉಳಿಕೆ ಇರಬಹುದು. ಐರೋಪ್ಯ ಒಕ್ಕೂಟ 2021ರಲ್ಲಿ ಕೋಳಿ ಆಹಾರಕ್ಕೆ ಹುಳುವಿನ ಪ್ರೋಟೀನ್ ಬಳಸಲು ಒಪ್ಪಿತು, ಆದರೆ ಹಿಕ್ಕೆ ತಿಂದು ಬೆಳೆದ ಹುಳುವಿಗೆ ಒಪ್ಪಲಿಲ್ಲ. ಆದ್ದರಿಂದ ಆಹಾರಕ್ಕೆ ಬೇಕಾದ ಹುಳುವನ್ನು ಬೇರೆ ತೊಟ್ಟಿಯಲ್ಲಿ, ಸಂತೆಯಲ್ಲಿ ಉಳಿದ ಸೊಪ್ಪು ತರಕಾರಿ ಹಾಕಿ ಬೆಳೆಸಿ. ಅದನ್ನೂ ಕುದಿಯುವ ನೀರಿಗೆ ಹಾಕಿ, ಒಣಗಿಸಿಯೇ ಕೊಡಿ. ಹಿಕ್ಕೆಯ ತೊಟ್ಟಿಯಿಂದ ಮೊದಲು ನಿರೀಕ್ಷಿಸಬೇಕಾದ ಲಾಭ ಎರಡು: ನೊಣ ಕಡಿಮೆಯಾಗುವುದು, ಗೊಬ್ಬರ ಸಿಗುವುದು. ಆ ಗೊಬ್ಬರವನ್ನು ಇನ್ನೂ ಕೆಲವು ವಾರ ಕಳಿಯಲು ಬಿಟ್ಟು ಹೊಲಕ್ಕೆ ಹಾಕಿ.

ತೊಟ್ಟಿಗೆ ಮಳೆ ನೀರು ಬೀಳಬಾರದು. ಹಿಕ್ಕೆ ತೀರಾ ನೀರಾಗಿದ್ದರೆ ಭತ್ತದ ಹೊಟ್ಟು ಬೆರೆಸಿ. ಕೆಸರಾದರೆ ಹುಳು ಉಳಿಯುವುದಿಲ್ಲ, ವಾಸನೆಯೂ ಹೋಗುವುದಿಲ್ಲ.

ನನ್ನ ಕೋರಿಕೆ ಇಷ್ಟೇ. ಅರ್ಜಿ ಕೊಟ್ಟವರು ಒಂದು ಬೇಸಿಗೆ ತಡೆಯಲಿ. ಶೆಡ್‌ನವರು ಒಂದು ಮೂಲೆಯಲ್ಲಿ ಒಂದೇ ತೊಟ್ಟಿ ಕಟ್ಟಿ ನೋಡಲಿ. ನೊಣ ಕಡಿಮೆಯಾಯಿತೇ ಇಲ್ಲವೇ ಎಂದು ನಮ್ಮ ಶಾಲೆಯ ವಿಜ್ಞಾನದ ಮಕ್ಕಳು ವಾರವಾರ ಲೆಕ್ಕ ಬರೆಯಲಿ. ಆ ಲೆಕ್ಕ ನೋಡಿ ಎರಡೂ ಕಡೆಯವರು ಕೂತು ತೀರ್ಮಾನಿಸಿ. ತೊಟ್ಟಿ ಕಟ್ಟುವ ದಿನ ಕರೆದರೆ ನಾನೂ ಬರುತ್ತೇನೆ.