ತಗಡಿಗೆ ತೂತು ಹಾಕುವ ಕ್ರಮ
(ಯುವಕ ಮಂಡಲಿಯ ಸಭೆಯಲ್ಲಿ ಗ್ರಾಮ ಸೇವಕರು ಮಾಡಿದ ಭಾಷಣ)



ಗೊಬ್ಬರದ ವಿಚಾರವನ್ನೋ ಬಿತ್ತನೆ ಬೀಜದ ವಿಚಾರವನ್ನೋ ಹೇಳುವೆನೆಂದು ತಾವು ಬಂದಿರಬಹುದು. ಈ ದಿನ ಅದನ್ನು ಬದಿಗಿಟ್ಟಿದ್ದೇನೆ. ತಗಡಿಗೆ ತೂತು ಹಾಕುವುದು ಹೇಗೆಂಬುದೇ ಇಂದಿನ ಮಾತು. "ಇದಕ್ಕೂ ಒಂದು ಭಾಷಣವೇ?" ಎಂದು ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಾನೂ ಒಂದು ಕಾಲಕ್ಕೆ ಹಾಗೆಯೇ ನಗುತ್ತಿದ್ದವನು.

ನನ್ನ ಎಡಗೈಯ ತೋರುಬೆರಳನ್ನು ನೋಡಿ. ಇದು ಪೂರ್ತಿ ಮಡಿಸುವುದಿಲ್ಲ. ಬೇಸಾಯದ ಡಿಪ್ಲೊಮಾ ಮುಗಿಸಿ ಊರಿಗೆ ಬಂದ ವರ್ಷ, ಕೊಟ್ಟಿಗೆಯ ಗೋದಲಿಗೆ ತಗಡು ಹೊದಿಸೋಣವೆಂದು ಕುಳಿತೆ. ಅಂಗೈ ಅಗಲದ ಒಂದು ತುಂಡನ್ನು ಎಡಗೈಯಲ್ಲಿ ಒತ್ತಿ ಹಿಡಿದು, ಬಲಗೈಯಲ್ಲಿ ಕರೆಂಟಿನ ಡ್ರಿಲ್ ಹಿಡಿದು 10 ಮಿಲಿಮೀಟರಿನ ತೂತು ಕೊರೆಯುತ್ತಿದ್ದೆ. ಇನ್ನೇನು ಮುಗಿಯಿತು ಎನ್ನುವಷ್ಟರಲ್ಲಿ ಬಿಟ್ಟು ತಗಡನ್ನು ಕಚ್ಚಿತು. ತಗಡು ಫ್ಯಾನಿನ ಹಾಗೆ ತಿರುಗಿತು. ಬೆರಳಿನ ಬುಡದಲ್ಲಿ, ಅದನ್ನು ಮಡಿಸುವ ಹುರಿಯೇ ಕತ್ತರಿಸಿಹೋಯಿತು. ಹೊಲಿಗೆ ಹಾಕಿಸಿ, ಧನುರ್ವಾಯುವಿನ ಸೂಜಿ ಹಾಕಿಸಿಕೊಂಡು ಆರು ವಾರ ಕೈಕಟ್ಟಿ ಕುಳಿತೆ. ಆಗ ನಾಟಿಯ ಕಾಲ. ಅರವತ್ತು ದಾಟಿದ ನಮ್ಮ ತಂದೆಯವರು ಕೆಸರಿನಲ್ಲಿ ಒಬ್ಬರೇ ಹಲುಬೆ ಹೊಡೆಯುವುದನ್ನು ಬದುವಿನ ಮೇಲೆ ನಿಂತು ನೋಡಬೇಕಾಯಿತು. ಅವರು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಾಗಿತ್ತು. ಇವತ್ತಿಗೂ ಈ ಕೈಯಿಂದ ಹಾಲು ಕರೆಯಲು ನನಗೆ ಬರುವುದಿಲ್ಲ.

ಈಗ ನಮ್ಮ ಎಷ್ಟೋ ಮನೆಗಳಲ್ಲಿ ಕರೆಂಟಿನ ಡ್ರಿಲ್ ಇದೆ. ಕೊಟ್ಟಿಗೆಗೆ ಜಿಂಕ್ ಶೀಟು, ಔಷಧಿ ಸಿಂಪಡಿಸುವ ಪಂಪಿಗೆ ಪಟ್ಟಿ, ಬಾಗಿಲ ಕೆಳಗೆ ಇಲಿ ತಡೆಯುವ ತಗಡು, ಹೀಗೆ ಕೆಲಸವೂ ಇದೆ. ಆದುದರಿಂದ ತಗಡು ಏಕೆ ಕಚ್ಚುತ್ತದೆ ಎಂಬುದನ್ನು ಮೊದಲು ತಿಳಿಯೋಣ.

ಮಾಮೂಲು ಬಿಟ್ಟಿನ ತುದಿ ಚೂಪಾಗಿ, 118 ಡಿಗ್ರಿ ಕೋನದಲ್ಲಿರುತ್ತದೆ. 10 ಮಿಲಿಮೀಟರ್ ಬಿಟ್ಟಿನಲ್ಲಿ ಆ ಚೂಪಿನ ಎತ್ತರವೇ ಸುಮಾರು 3 ಮಿಲಿಮೀಟರು. ದಪ್ಪ ಕಬ್ಬಿಣದಲ್ಲಾದರೆ ಚೂಪು ಕೆಳಗೆ ಹೊರಬೀಳುವ ಹೊತ್ತಿಗೆ ಬಿಟ್ಟಿನ ಪೂರ್ತಿ ಅಗಲ ತೂತಿನೊಳಗೆ ಇಳಿದಿರುತ್ತದೆ. ತೂತಿನ ಗೋಡೆಯೇ ಅದನ್ನು ನೆಟ್ಟಗೆ ಹಿಡಿಯುತ್ತದೆ. 22 ಗೇಜಿನ ತಗಡಿನ ದಪ್ಪವಾದರೋ ಸುಮಾರು 0.7 ಮಿಲಿಮೀಟರು. (ಗೇಜಿನ ಸಂಖ್ಯೆ ಹೆಚ್ಚಿದಂತೆ ತಗಡು ತೆಳುವಾಗುತ್ತದೆ, ಅಂಗಡಿಯಲ್ಲಿ ಮೋಸಹೋಗಬೇಡಿ. 18 ಗೇಜು 1.2 ಮಿಲಿಮೀಟರು, 24 ಗೇಜು ಅದರ ಅರ್ಧಕ್ಕಿಂತಲೂ ಕಡಿಮೆ.) ಇಷ್ಟು ತೆಳುವಿನಲ್ಲಿ ಚೂಪು ಆಚೆ ಹೋದರೂ ಬಿಟ್ಟಿನ ಅಂಚುಗಳು ಇನ್ನೂ ತಗಡನ್ನು ಮುಟ್ಟಿಯೇ ಇರುವುದಿಲ್ಲ. ನಡುವೆ ಆಧಾರವಿಲ್ಲದ ಬಿಟ್ಟು ಅತ್ತಿತ್ತ ಕುಣಿಯುತ್ತದೆ, ತೂತು ದುಂಡಗಾಗದೆ ಮೂರು ಮೂಲೆಯದಾಗುತ್ತದೆ. ಕೊನೆಗೆ ಬಿಟ್ಟಿನ ಸುರುಳಿ ಸ್ಕ್ರೂವಿನಂತೆ ತಗಡನ್ನು ಮೇಲಕ್ಕೆಳೆದುಕೊಂಡು ತನ್ನ ಜೊತೆ ತಿರುಗಿಸುತ್ತದೆ. ನನ್ನ ಬೆರಳಿಗೆ ಆದದ್ದು ಇದೇ.

ಇದಕ್ಕೆ ಪರಿಹಾರವನ್ನು ನನಗೆ ಕಲಿಸಿದವರು ಕಾಲೇಜಿನವರಲ್ಲ, ನಮ್ಮೂರಿನ ಕುಲುಮೆಯ ಆಚಾರ್ರು. ಕೈಗೆ ಪಟ್ಟಿ ಕಟ್ಟಿಕೊಂಡು ಅವರ ಮುಂದೆ ಕುಳಿತಾಗ, "ಅಲ್ಲಪ್ಪಾ, ತಗಡಿಗೆ ಹಾಸಿಗೇನೂ ಹಾಕಲಿಲ್ಲ, ಹೊದಿಕೇನೂ ಹಾಕಲಿಲ್ಲ, ಅದು ಸುಮ್ಮನೆ ಮಲಗ್ತದಾ?" ಎಂದರು. ಅವರ ಮಾತಿನ ಅರ್ಥ ಇಷ್ಟೇ: ತಗಡಿನ ಕೆಳಗೊಂದು ಹಲಗೆ, ಮೇಲೊಂದು ಹಲಗೆ. ಎರಡರ ನಡುವೆ ತಗಡನ್ನು ಬಿಗಿದು, ಮೂರನ್ನೂ ಒಟ್ಟಿಗೆ ಕೊರೆಯಬೇಕು. ಮೇಲಿನ ಹಲಗೆ ಬಿಟ್ಟನ್ನು ನೆಟ್ಟಗೆ ಹಿಡಿಯುತ್ತದೆ. ಕೆಳಗಿನದು ಚೂಪಿಗೆ ಆಧಾರ ಕೊಟ್ಟು, ತಗಡು ಕೆಳಕ್ಕೆ ಉಬ್ಬಿ ಹರಿಯದಂತೆ ತಡೆಯುತ್ತದೆ. ಕೆಳಗಿನದಕ್ಕೆ ಜಾಲಿಯಂಥ ಗಟ್ಟಿ ಮರ ಒಳ್ಳೆಯದು. ಮೇಲಿನದಕ್ಕೆ ಹಳೆಯ ಪೆಟ್ಟಿಗೆಯ ಹಲಗೆ ಸಾಕು. ಒಂದೇ ಅಳತೆಯ ನಾಲ್ಕು ತಗಡಿದ್ದರೆ ನಾಲ್ಕನ್ನೂ ಒಟ್ಟಿಗೆ ಪೇರಿಸಿ ಕೊರೆದರೆ ತೂತುಗಳು ಒಂದಕ್ಕೊಂದು ಸರಿಯಾಗಿ ಕೂರುತ್ತವೆ, ಕೆಲಸವೂ ಉಳಿಯುತ್ತದೆ.

ಬಿಗಿಯಲು ಕ್ಲಾಂಪು ಇಲ್ಲದವರು ಎರಡು ಹಲಗೆಗಳ ಮೂಲೆಗಳಲ್ಲಿ ಬೋಲ್ಟು ಹಾಕಿ ನಟ್ಟು ತಿರುಗಿಸಿಕೊಳ್ಳಬಹುದು. ಅದೂ ಇಲ್ಲವೆಂದರೆ, ತಗಡಿನ ಮಗ್ಗುಲಿಗೆ ತಾಗುವಂತೆ ಕೆಳಹಲಗೆಗೆ ನಾಲ್ಕು ಮೊಳೆ ಹೊಡೆದು ಅರ್ಧ ಮೇಲೆ ಬಿಡಿ. ಕಚ್ಚಿದರೂ ತಗಡು ಮೊಳೆಗೆ ಒರಗಿ ನಿಲ್ಲುತ್ತದೆ. ಕೈಯಿಂದ ಹಿಡಿಯುವ ಮಾತು ಮಾತ್ರ ಬೇಡ. ಮಗನನ್ನು ಕರೆದು "ಹಿಡ್ಕೊಳೋ" ಎನ್ನುವುದಂತೂ ಬೇಡವೇ ಬೇಡ.

ಗುರುತಿನ ವಿಚಾರ. ಸೀಸದಕಡ್ಡಿಯಿಂದ ಗೆರೆ ಎಳೆದು, ಗೆರೆಗಳು ಕೂಡುವಲ್ಲಿ ಪಂಚಿನಿಂದಲೋ ಚೂಪು ಮಾಡಿದ ಗಟ್ಟಿ ಮೊಳೆಯಿಂದಲೋ ಒಂದು ಸಣ್ಣ ಗುಳಿ ಮಾಡಿ. ಗುಳಿಯಿಲ್ಲದಿದ್ದರೆ ಬಿಟ್ಟು ನುಣುಪಾದ ತಗಡಿನ ಮೇಲೆ ಜಾರುತ್ತದೆ. ತೆಳು ತಗಡಿಗೆ ಒಂದೇ ಮೆಲ್ಲನೆಯ ಪೆಟ್ಟು ಸಾಕು, ಜೋರಾಗಿ ಹೊಡೆದರೆ ಸುತ್ತಲೂ ತಗ್ಗಾಗುತ್ತದೆ. ಮೇಲೆ ಹಲಗೆ ಹಾಕಿದರೆ ಗುರುತು ಕಾಣುವುದಿಲ್ಲವಲ್ಲ ಎಂದು ಕೇಳುವಿರಿ. ಮೊದಲು ಕೆಳಹಲಗೆಯ ಮೇಲೆ ತಗಡನ್ನಿಟ್ಟು 3 ಮಿಲಿಮೀಟರಿನ ಸಣ್ಣ ತೂತು ಕೊರೆಯಿರಿ. ಮೇಲುಹಲಗೆಗೂ ಅಂಥದೇ ಒಂದು ತೂತು ಮಾಡಿ, ಎರಡರೊಳಗೂ ಒಂದು ಮೊಳೆ ತೂರಿಸಿ ಸರಿಹೊಂದಿಸಿ ಬಿಗಿಯಿರಿ. ಆಮೇಲೆ ಮೊಳೆ ತೆಗೆದು ದೊಡ್ಡ ಬಿಟ್ಟು ಹಾಕಿ. ತೂತಿನ ಅಗಲದ ಎರಡರಷ್ಟಾದರೂ ಜಾಗವನ್ನು ತಗಡಿನ ಅಂಚಿನಿಂದ ಬಿಟ್ಟಿರಬೇಕು. ಇಲ್ಲದಿದ್ದರೆ ಗಾಳಿಗೆ ಹರಿಯುತ್ತದೆ.

ವೇಗ: ಬಿಟ್ಟು ದೊಡ್ಡದಾದಷ್ಟೂ ನಿಧಾನ. ಮೆತ್ತನೆಯ ಉಕ್ಕಿಗೆ 6 ಮಿಲಿಮೀಟರ್ ಬಿಟ್ಟು ನಿಮಿಷಕ್ಕೆ ಸುಮಾರು 1500 ಸುತ್ತು ತಿರುಗಿದರೆ 12 ಮಿಲಿಮೀಟರಿನದು ಅದರ ಅರ್ಧ. ಎಣಿಸುವ ಗೋಜು ಬೇಡ; ಡ್ರಿಲ್ಲಿನ ಕುದುರೆಯನ್ನು ಅರ್ಧ ಒತ್ತಿ. ಒಂದು ತೊಟ್ಟು ಎಣ್ಣೆ ಬಿಡಿ. ಅಲ್ಯೂಮಿನಿಯಮ್ಮಿಗೆ ಸೀಮೆಎಣ್ಣೆ ಒಳ್ಳೆಯದು. ಸ್ಟೀಲ್ ಪಾತ್ರೆಯ ತಗಡಿಗೆ ಇನ್ನೂ ನಿಧಾನ ಬೇಕು, ಒತ್ತಡ ಬಿಡಬಾರದು. ಮೇಲೆಯೇ ಉಜ್ಜುತ್ತಿದ್ದರೆ ಅದು ಗಟ್ಟಿಯಾಗಿ ಬಿಟ್ಟನ್ನೇ ತಿನ್ನುತ್ತದೆ. ಯಾವ ಲೋಹವೇ ಆಗಲಿ, ಬಿಟ್ಟು ಕೆಳಗೆ ಹೊರಬೀಳುವ ಹೊತ್ತಿಗೆ ಒತ್ತಡ ಇಳಿಸಿ. 12 ಮಿಲಿಮೀಟರ್ ಮೀರಿದ ತೂತಿಗೆ ಮೆಟ್ಟಿಲು ಮೆಟ್ಟಿಲಾಗಿರುವ ಸ್ಟೆಪ್ ಬಿಟ್ಟು ಸಿಗುತ್ತದೆ. ಬೆಲೆ ಹೆಚ್ಚು; ಯುವಕ ಮಂಡಲಿಯವರು ಊರಿಗೊಂದು ಕೊಂಡಿಟ್ಟರೆ ಸಾಕೆಂದು ನನ್ನ ಅಭಿಪ್ರಾಯ.

ಉಡುಪಿನ ಬಗ್ಗೆ ಹೇಳಬೇಕು. ಹೆಗಲ ಮೇಲಿನ ಟವಲು ನಮ್ಮ ರೈತನಿಗೆ ಭೂಷಣವೇ ಸರಿ, ಆದರೆ ತಿರುಗುವ ಯಂತ್ರದ ಮುಂದೆ ಅದು ಕೊರಳಿಗೆ ಉರುಳು. ಗೂಟಕ್ಕೆ ತಗುಲಿಸಿ ಬನ್ನಿ. ಕೈಗವಸು ಹಾಕಿದರೆ ಕ್ಷೇಮವೆಂದು ತಿಳಿಯಬೇಡಿ, ಬಿಟ್ಟು ಅದನ್ನೂ ಸುತ್ತಿಕೊಳ್ಳುತ್ತದೆ. ತಗಡನ್ನು ಹೊರುವಾಗ ಗವಸು ಇರಲಿ, ಕೊರೆಯುವಾಗ ಬೇಡ. ಕಣ್ಣಿಗೆ ಕನ್ನಡಕ ಇರಲಿ. ಒದ್ದೆ ಕೊಟ್ಟಿಗೆಯ ನೆಲದ ಮೇಲೆ ಬರಿಗಾಲಿನಲ್ಲಿ ಕರೆಂಟಿನ ಡ್ರಿಲ್ ಹಿಡಿಯಬಾರದು.

ಹಳೆಯ ಪೀಪಾಯಿಗಳ ವಿಚಾರ ಇದಕ್ಕಿಂತ ದೊಡ್ಡದು. ಪೆಟ್ರೋಲು, ಡೀಸೆಲು, ತಿನ್ನರು ಇದ್ದ ಮುಚ್ಚಿದ ಪೀಪಾಯಿಯನ್ನು ಕೊರೆಯಲು ಹೋಗಬೇಡಿ. ಖಾಲಿಯಾಗಿ ತಿಂಗಳಾಗಿದ್ದರೂ ಒಳಗಿನ ಆವಿ ಒಂದು ಕಿಡಿಗೆ ಸಿಡಿಯುತ್ತದೆ. ಕೀಟನಾಶಕದ ಡಬ್ಬವನ್ನು ತೊಳೆದು, ತೂತು ಮಾಡಿ ಕೋಳಿಗೆ ನೀರಿಡುವವರನ್ನೂ ನಾನು ನೋಡಿದ್ದೇನೆ. ತೂತು ಮಾಡುವುದು ಸರಿಯೇ, ಆದರೆ ಮತ್ತೆ ಯಾರೂ ಬಳಸದಿರಲಿ ಎಂಬುದಕ್ಕಾಗಿ.

ಚಾವಣಿಯ ಜಿಂಕ್ ಶೀಟಿಗೆ ತೂತನ್ನು ಅಲೆಯ ದಿಬ್ಬದ ಮೇಲೆ ಹಾಕಬೇಕು, ಹಳ್ಳದಲ್ಲಲ್ಲ. ನೀರು ಹರಿಯುವುದು ಹಳ್ಳದಲ್ಲಿ. ಅಲ್ಲಿ ಎಷ್ಟು ವಾಷರು ಹಾಕಿದರೂ ಒಂದೆರಡು ಮಳೆಗಾಲಕ್ಕೆ ಸೋರುತ್ತದೆ. ತೂತು ಬೋಲ್ಟಿಗಿಂತ ತುಸು ದೊಡ್ಡದಿರಲಿ, ಬಿಸಿಲಿಗೆ ಶೀಟು ಹಿಗ್ಗುತ್ತದೆ. ಕೆಲಸ ಮುಗಿದ ದಿನವೇ ಮೇಲಿನ ಕಬ್ಬಿಣದ ಚೂರುಗಳನ್ನು ಗುಡಿಸಿ. ಬಿಟ್ಟರೆ ಅವು ತುಕ್ಕು ಹಿಡಿದು ಶೀಟಿಗೂ ಕಲೆ ಹತ್ತಿಸುತ್ತವೆ.

ಆ ಚೂರು ಎಲ್ಲಿ ಬೀಳುತ್ತದೆ ಎಂಬುದನ್ನು ದನ ಕಟ್ಟಿದವರು ಯೋಚಿಸಬೇಕು. ಹಸು ಮೇವನ್ನು ಆರಿಸಿ ತಿನ್ನುವ ಪ್ರಾಣಿಯಲ್ಲ. ಹುಲ್ಲಿನ ಜೊತೆ ಮೊಳೆ, ತಂತಿ, ತಗಡಿನ ಚೂಪು ತುಂಡು ಹೊಟ್ಟೆಗೆ ಹೋದರೆ ಎರಡನೆಯ ಹೊಟ್ಟೆಯಲ್ಲಿ ನಿಲ್ಲುತ್ತದೆ. ಅದರ ಎದುರಿಗೇ ಹೃದಯ ಇದೆ, ನಡುವೆ ಒಂದು ತೆಳುವಾದ ಪರದೆ ಮಾತ್ರ. ಚೂಪು ವಸ್ತು ಚುಚ್ಚಿಕೊಂಡು ಮುಂದೆ ಹೋದರೆ ಹಸು ಮೇವು ಬಿಡುತ್ತದೆ, ಬೆನ್ನು ಬಾಗಿಸಿ ನಿಲ್ಲುತ್ತದೆ, ಇಳಿಜಾರಿನಲ್ಲಿ ನಡೆಯಲು ಅಂಜುತ್ತದೆ. ಹೃದಯಕ್ಕೆ ತಗುಲಿದ ಮೇಲೆ ಉಳಿಯುವುದು ಅಪರೂಪ. ಆದುದರಿಂದ ಕೊಟ್ಟಿಗೆಯಲ್ಲಾಗಲಿ, ಹುಲ್ಲಿನ ಮೆದೆಯ ಹತ್ತಿರವಾಗಲಿ ಕೊರೆಯಬೇಡಿ. ಮೇಲೆ ಶೀಟು ಹೊದಿಸುವ ದಿನ ದನಗಳನ್ನು ಹೊರಗೆ ಕಟ್ಟಿ, ಗೋದಲಿಯನ್ನು ಮುಚ್ಚಿ. ಕೆಟ್ಟುಹೋದ ರೇಡಿಯೋ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ನೆಲದ ಮೇಲೆ ಎಳೆದಾಡಿದರೆ ಪೊರಕೆಗೆ ಸಿಗದ ಕಬ್ಬಿಣದ ಚೂರೂ ಅಂಟಿಕೊಳ್ಳುತ್ತದೆ. ಅಲ್ಯೂಮಿನಿಯಮ್ಮಿನ ಚೂರು ಅಂಟುವುದಿಲ್ಲ, ಅದನ್ನು ಗುಡಿಸಿಯೇ ತೆಗೆಯಬೇಕು.

ಮುಂದೆ ಕುಳಿತಿರುವ ಅಜ್ಜಿಯವರು, ರಾಗಿ ಜರಡಿಗೆ ಡ್ರಿಲ್ ಬೇಕೇ ಎಂದು ಕೇಳುತ್ತಿದ್ದಾರೆ. ಬೇಡ ಅಜ್ಜಿ. ಅಷ್ಟು ಸಣ್ಣ ತೂತಿಗೆ ತಗಡನ್ನು ಮರದ ಕೊರಡಿನ ಮೇಲಿಟ್ಟು ಮೊಳೆಯಿಂದ ಹೊಡೆದರಾಯಿತು. ಎಲ್ಲವನ್ನೂ ಒಂದೇ ಕಡೆಯಿಂದ ಹೊಡೆಯಿರಿ. ಏಳುವ ಮುಳ್ಳುಗಳನ್ನು ಅರದಿಂದ ಉಜ್ಜಿ, ಆ ಮಗ್ಗುಲನ್ನು ಜರಡಿಯ ಕೆಳಗೆ ಬರುವಂತೆ ಇಟ್ಟರೆ ಕೈಗೆ ತರಚುವುದಿಲ್ಲ. ಡ್ರಿಲ್ಲಿನಿಂದ ಮಾಡಿದ ತೂತಿಗೂ ಹೀಗೆಯೇ ಮುಳ್ಳು ಇರುತ್ತದೆ. ಅದಕ್ಕೆ ಒಂದಳತೆ ದೊಡ್ಡ ಬಿಟ್ಟನ್ನು ಬೆರಳಲ್ಲಿ ಹಿಡಿದು ಎರಡು ಸುತ್ತು ತಿರುಗಿಸಿದರೆ ಸಾಕು.

ನಾನು ತಂದಿರುವ ಎರಡು ಹಲಗೆ, ನಾಲ್ಕು ಬೋಲ್ಟು ಶಾಲೆಯ ಜಗಲಿಯಲ್ಲಿವೆ. ಸಂತೆಯ ಮಾರನೆಯ ದಿನ ಬೆಳಿಗ್ಗೆ ಅಲ್ಲಿಯೇ ಇರುತ್ತೇನೆ, ಆಚಾರ್ರೂ ಬರುತ್ತೇನೆಂದು ಒಪ್ಪಿದ್ದಾರೆ. ತೂತು ಆಗಬೇಕಾದ ತಗಡಿದ್ದವರು ಗುರುತು ಹಾಕಿಕೊಂಡೇ ತನ್ನಿ.