ಸ್ವರದ ಕೆಳಗಿನ ನೆಲ

ಸಂಗೀತದಲ್ಲಿ ಭಾವ ಎಲ್ಲಿ ನೆಲೆಸಿದೆ ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ರಾಗದಲ್ಲಿ ಎಂದು ಉತ್ತರಿಸುತ್ತಾರೆ. 1905ರಲ್ಲಿ ಹುಟ್ಟಿದ ಬೆಂಗಳೂರು ಗಾಯನ ಸಮಾಜದ ಕಚೇರಿಗಳನ್ನೂ, ಚಾಮರಾಜಪೇಟೆಯಲ್ಲಿ 1939ರಿಂದ ನಡೆದುಬಂದಿರುವ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವವನ್ನೂ ಕೇಳಿ ಬೆಳೆದ ಊರಿಗೆ ಈ ಉತ್ತರ ಸಹಜವಾದದ್ದೇ. ಆದರೆ ಅದೇ ಊರು ಕಾಳಿಂಗರಾಯರ, ಮೈಸೂರು ಅನಂತಸ್ವಾಮಿಯವರ, ಅಶ್ವತ್ಥರ ಭಾವಗೀತೆಗಳಿಗೂ ಕಿವಿಗೊಟ್ಟಿದೆ. ರಾಜನ್-ನಾಗೇಂದ್ರರ ಚಿತ್ರಗೀತೆಗಳನ್ನೂ ಗುನುಗಿದೆ. ಇಂಥ ಗೀತೆಗಳ ಹಿನ್ನೆಲೆಯಲ್ಲಿ ಗಿಟಾರು ಮೊದಲಾದ ವಾದ್ಯಗಳು ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ನುಡಿಸುವುದುಂಟು. ಪಾಶ್ಚಾತ್ಯರು ಕಾರ್ಡ್ ಎಂದು ಕರೆಯುವ ಈ ಸ್ವರಗುಚ್ಛ ಬದಲಾದೊಡನೆ ಹಾಡಿನ ಭಾವವೂ ಬದಲಾಗುವುದೇಕೆ?

ನಮ್ಮ ಕಚೇರಿಯಲ್ಲಿ ತಂಬೂರಿ ಮೊದಲಿನಿಂದ ಕೊನೆಯವರೆಗೆ ಒಂದೇ ಶ್ರುತಿಯನ್ನು ಹಿಡಿದಿರುತ್ತದೆ. ಅಲ್ಲಿ ನೆಲ ಅಲುಗದು, ನಡೆಯುವವನು ಗಾಯಕ. ಕಾರ್ಡುಗಳ ಸಂಗೀತದಲ್ಲಾದರೋ ನೆಲವೇ ಸರಿಯುತ್ತದೆ. ಗಾಯಕ ಷಡ್ಜವೊಂದನ್ನೇ ಹಿಡಿದು ನಿಂತಿದ್ದಾನೆ ಎನ್ನೋಣ. ಕೆಳಗೆ ಷಡ್ಜ, ಅಂತರ ಗಾಂಧಾರ, ಪಂಚಮಗಳು ನುಡಿದರೆ ಆ ಸ್ವರ ತನ್ನ ಮನೆಯಲ್ಲಿದೆ. ಗುಚ್ಛವು ಶುದ್ಧ ಮಧ್ಯಮ, ಚತುಶ್ರುತಿ ಧೈವತ, ಷಡ್ಜಗಳಿಗೆ ಸರಿದರೆ ಅದೇ ಸ್ವರ ಮಧ್ಯಮಕ್ಕೆ ಪಂಚಮವಾಗುತ್ತದೆ. ಧೈವತ, ಷಡ್ಜ, ಗಾಂಧಾರಗಳಿಗೆ ಸರಿದರೆ ಅದು ಧೈವತಕ್ಕೆ ಸಾಧಾರಣ ಗಾಂಧಾರ. ಅದರ ಮೇಲೊಂದು ನೆರಳು ಬಿದ್ದಂತಾಗುತ್ತದೆ. ಗಾಯಕನ ಕಂಠ ಕದಲಿಲ್ಲ. ಸ್ವರದ ನಂಟು ಬದಲಾಯಿತು.

ಈ ಗುಟ್ಟು ನಮ್ಮವರಿಗೆ ಅಪರಿಚಿತವೇನಲ್ಲ. ಗ್ರಹಭೇದವೆಂದರೆ ಇದೇ ತತ್ತ್ವ. ಮೋಹನದ ಐದು ಸ್ವರಗಳನ್ನೇ ಇಟ್ಟುಕೊಂಡು ರಿಷಭವನ್ನು ಷಡ್ಜವೆಂದು ಭಾವಿಸಿದರೆ ಮಧ್ಯಮಾವತಿ. ಗಾಂಧಾರವನ್ನು ಭಾವಿಸಿದರೆ ಹಿಂದೋಳ. ಪಂಚಮವನ್ನು ಭಾವಿಸಿದರೆ ಶುದ್ಧ ಸಾವೇರಿ. ವಿದ್ವಾಂಸರು ಕಚೇರಿಯಲ್ಲಿ ಅಪರೂಪಕ್ಕೆ, ಕ್ಷಣಕಾಲ ತೋರಿಸುವ ಈ ಚಮತ್ಕಾರವನ್ನು ಕಾರ್ಡುಗಳ ಸಂಗೀತ ಪ್ರತಿಯೊಂದು ಸಾಲಿನಲ್ಲೂ ಮಾಡುತ್ತದೆ.

ಹಾಗೆಂದು ಅಂತರ ಗಾಂಧಾರದ ಗುಚ್ಛ ಸಂತೋಷ, ಸಾಧಾರಣ ಗಾಂಧಾರದ ಗುಚ್ಛ ದುಃಖ ಎಂದು ಸೂತ್ರ ಕಟ್ಟುವುದು ಅವಸರದ ಮಾತು. ಸಾಧಾರಣ ಗಾಂಧಾರವುಳ್ಳ ಆನಂದಭೈರವಿಯನ್ನು ಕೇಳಿ ಯಾರೂ ಅದನ್ನು ಬರಿಯ ಶೋಕದ ರಾಗವೆನ್ನರು. ಭಾವ ಹುಟ್ಟುವುದು ಒಂದು ಗುಚ್ಛದಲ್ಲಿ ಎನ್ನುವುದಕ್ಕಿಂತ, ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ. ಪಂಚಮ, ನಿಷಾದ, ರಿಷಭಗಳ ಗುಚ್ಛ ನುಡಿದಾಗ ಕಾಕಲಿ ನಿಷಾದ ಮೇಲಿನ ಷಡ್ಜಕ್ಕಾಗಿ ಹಂಬಲಿಸುತ್ತದೆ. ಷಡ್ಜದ ಗುಚ್ಛ ಬಂದರೆ ಮನೆ ಸೇರಿದ ನೆಮ್ಮದಿ. ಅದರ ಬದಲು ಧೈವತದ ಗುಚ್ಛ ಬಂದರೆ? ನಿಷಾದವು ಷಡ್ಜವನ್ನೇನೋ ಮುಟ್ಟಿತು. ಆದರೆ ತವರೆಂದು ತಟ್ಟಿದ ಬಾಗಿಲನ್ನು ಬೇರೆ ಯಾರೋ ತೆರೆದಂತೆ. ನಿರೀಕ್ಷೆ ಈಡೇರಿಯೂ ಈಡೇರದ ಆ ಕ್ಷಣದಲ್ಲೇ ಮನಸ್ಸು ಕರಗುವುದು.

ಈ ಶಕ್ತಿಗೆ ತೆರಬೇಕಾದ ಬೆಲೆಯೂ ಇದೆ. ತೋಡಿಯ ಗಾಂಧಾರ ಒಂದೆಡೆ ನಿಲ್ಲುವ ಸ್ವರವಲ್ಲ; ತೂಗಾಟವೇ ಅದರ ಪ್ರಾಣ. ಕಾರ್ಡು ಅದನ್ನು ಮೊಳೆ ಹೊಡೆದು ನಿಲ್ಲಿಸುತ್ತದೆ. ಮೈಸೂರಿನ ಜಯಚಾಮರಾಜ ಒಡೆಯರು ಎರಡು ಸಂಗೀತಗಳನ್ನೂ ಆಳವಾಗಿ ಬಲ್ಲವರು. ರಷ್ಯದ ಮೆಟ್ನರ್ ಎಂಬ ಸಂಗೀತಕಾರನ ಕೃತಿಗಳು ಧ್ವನಿಮುದ್ರಣಗೊಳ್ಳಲು ನೆರವಾದವರು. ಆದರೂ ತಾವು ರಚಿಸಿದ ತೊಂಬತ್ತಕ್ಕೂ ಮಿಕ್ಕ ಕೃತಿಗಳನ್ನು ಅವರು ಕರ್ನಾಟಕ ಪದ್ಧತಿಯ ಏಕಶ್ರುತಿಯ ಮೇಲೆಯೇ ಕಟ್ಟಿದರು. ಯಾವುದಕ್ಕೆ ಯಾವ ನೆಲ ಎಂಬ ವಿವೇಕ ಅದು.

ಭಾವಗೀತೆಗೆ ಈ ವಿವೇಕ ಇನ್ನೂ ಅಗತ್ಯ. ಕವಿ ಎರಡು ಅರ್ಥಗಳ ನಡುವೆ ತೂಗಿಟ್ಟ ಮಾತನ್ನು ದಪ್ಪನೆಯ ಕಾರ್ಡೊಂದು ಇದು ದುಃಖ ಎಂದು ಸಾರಿಬಿಟ್ಟರೆ ಕವಿತೆ ಬಡವಾಗುತ್ತದೆ. ಆದರೆ ಪಲ್ಲವಿ ಎರಡನೆಯ ಸಲ ಬಂದಾಗ, ಧಾಟಿಯನ್ನು ಮುಟ್ಟದೆ, ಕೆಳಗಿನ ಗುಚ್ಛವನ್ನಷ್ಟೇ ಬದಲಿಸಿದರೆ, ಅದೇ ಮಾತು ಹೊಸ ಅನುಭವವನ್ನು ಹೊತ್ತು ಮರಳುತ್ತದೆ. ಕವಿತೆಯನ್ನು ಬಲ್ಲ ಸಂಯೋಜಕನಿಗೆ ಕಾರ್ಡು ವ್ಯಾಖ್ಯಾನ. ಬಲ್ಲದವನಿಗೆ ಬರಿಯ ಅಲಂಕಾರ. ಮುಂದಿನ ಸಲ ಪ್ರಿಯವಾದ ಹಾಡನ್ನು ಕೇಳುವಾಗ ಕಂಠವನ್ನು ಒಂದಿಷ್ಟು ಮರೆತು, ಅದರ ಕೆಳಗೆ ಸರಿಯುತ್ತಿರುವ ನೆಲಕ್ಕೆ ಕಿವಿಗೊಡಬೇಕು. ನಮ್ಮನ್ನು ಕಲಕಿದ್ದು ಯಾವುದೆಂಬುದು ಆಗ ತಿಳಿಯುತ್ತದೆ.