ಹಳೆಯ ದಫ್ತರಗಳ ಸ್ಕ್ಯಾನಿಂಗ್: ಪುಟದ ಮಸುಕಾದ ಗುರುತೇ ಅಳತೆಗೋಲು

ಉಪನ್ಯಾಸದ ಪಠ್ಯ
(ಭಟ್ಕಳ, ಹೊನ್ನಾವರ ಹಾಗೂ ಕುಮಟಾ ತಾಲ್ಲೂಕುಗಳ ಪಂಚಾಯತ್ ಅಭಿವೃದ್ಧಿ ಅಧಿಕಾರಿಗಳು, ಕಾರ್ಯದರ್ಶಿಗಳು, ಲೆಕ್ಕ ಸಹಾಯಕರು ಮತ್ತು ಡಾಟಾ ಎಂಟ್ರಿ ಆಪರೇಟರುಗಳ ಅವಗಾಹನೆಗಾಗಿ)



ಉತ್ತರ ಕನ್ನಡ ಜಿಲ್ಲೆಯು 1862ರಿಂದ 1956ರ ಅಕ್ಟೋಬರ್ ಅಂತ್ಯದವರೆಗೆ ಮುಂಬಯಿ ಆಡಳಿತಕ್ಕೆ ಒಳಪಟ್ಟಿತ್ತು. ಆ ಕಾಲದ ಕಾಗದಗಳಲ್ಲಿ ಕನ್ನಡದ ಜೊತೆಗೆ ಮರಾಠಿಯೂ ಮೋಡಿ ಲಿಪಿಯೂ ಕಾಣಸಿಗುತ್ತವೆ. ಅನಂತರ 1983ರ ಕಾಯ್ದೆಯ ಮಂಡಲ ಪಂಚಾಯತಿಗಳು ಬಂದವು. 1993ರ ಕಾಯ್ದೆಯಿಂದ ಇಂದಿನ ಗ್ರಾಮ ಪಂಚಾಯತಿಗಳು ರೂಪುಗೊಂಡವು. ಕಚೇರಿಯ ಹೆಸರು ಬದಲಾದಾಗಲೆಲ್ಲ ಮನೆ ತೆರಿಗೆಯ ವಹಿ, ಠರಾವು ಪುಸ್ತಕ, ರಸೀದಿಗಳ ಸ್ಥಳಪ್ರತಿ ಇವೆಲ್ಲ ಒಂದು ಕಪಾಟಿನಿಂದ ಇನ್ನೊಂದಕ್ಕೆ ಸಾಗಿ ಬಂದಿವೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಕರಾವಳಿಯಲ್ಲಿ ಗೆದ್ದಲು, ಬೂಷ್ಟು, ತೇವಗಳಿಂದ ಪಾರಾಗಿ ಉಳಿದ ಪ್ರತಿಯೊಂದು ಪುಟವೂ ಬೆಲೆಯುಳ್ಳದ್ದೇ ಆಗಿದೆ. 2022ರ ಆಗಸ್ಟ್ ಮೊದಲ ವಾರದಲ್ಲಿ ಭಟ್ಕಳದಲ್ಲಿ ಸುರಿದ ಮಳೆಯು ಒಂದೇ ರಾತ್ರಿಯಲ್ಲಿ ನೀರು ಎಲ್ಲಿಯವರೆಗೆ ಬರಬಲ್ಲದೆಂಬುದನ್ನು ತೋರಿಸಿಕೊಟ್ಟಿದೆ.

ಇಂತಹ ಪುಟವೊಂದರ ಬೆಲೆ ಯಾರಿಗೆ ತಟ್ಟುತ್ತದೆ ಎಂಬುದಕ್ಕೆ ಅರಣ್ಯ ಹಕ್ಕು ಕಾಯ್ದೆ, 2006 ಒಂದು ನಿದರ್ಶನ. ಪರಿಶಿಷ್ಟ ಪಂಗಡಕ್ಕೆ ಸೇರದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರುಗಳ ವಾಸ್ತವ್ಯವನ್ನು ತೋರಿಸಬೇಕಾಗುತ್ತದೆ. ತಲೆಮಾರಿಗೆ 25 ವರ್ಷದಂತೆ ಎಣಿಸಿದರೆ ಇದು 1930ರವರೆಗೆ ಹಿಂದಕ್ಕೆ ಹೋಗುತ್ತದೆ. ಸಲ್ಲಿಸಬಹುದಾದ ಪುರಾವೆಗಳ ಪೈಕಿ ಮನೆ ತೆರಿಗೆ ರಸೀದಿಯನ್ನೂ ನಿಯಮಗಳು ಹೆಸರಿಸಿವೆ. ಸೋಗೆಯ ಮನೆಯಲ್ಲಿದ್ದ ರಸೀದಿಯು ಎಂದೋ ನಶಿಸಿಹೋಗಿರಬಹುದು. ಆದರೆ ಅಜ್ಜನ ಹೆಸರು, ಮನೆಯ ಸಂಖ್ಯೆ, ಕಟ್ಟಿದ ಆಣೆಗಳ ಲೆಕ್ಕವು ಪಂಚಾಯತಿಯ ವಹಿಯಲ್ಲಿ ಪೆನ್ಸಿಲಿನ ಮಸುಕು ಗೆರೆಯಾಗಿ ಉಳಿದಿರಲು ಸಾಧ್ಯವಿದೆ. ಆ ವಹಿಯನ್ನು ಸ್ಕ್ಯಾನ್ ಮಾಡುವಾಗ ಒತ್ತುವ ಒಂದು ಗುಂಡಿಯಿಂದ ಆ ಗೆರೆ ಉಳಿಯಲೂಬಹುದು, ಅಳಿಯಲೂಬಹುದು.

ಆದುದರಿಂದ ಪುಟದ ಮೇಲೆ ಅತಿ ಸ್ಪಷ್ಟವಾಗಿರುವ ಅಕ್ಷರವನ್ನು ನೋಡಿ ಸ್ಕ್ಯಾನರಿನ ಸೆಟ್ಟಿಂಗ್ ನಿರ್ಧರಿಸಕೂಡದು. ಅತಿ ಮಸುಕಾದ ಗುರುತನ್ನು ನೋಡಿ ನಿರ್ಧರಿಸತಕ್ಕದ್ದು.

ಮೊದಲನೆಯದು ಬಣ್ಣದ ವಿಚಾರ. ಯಂತ್ರದಲ್ಲಿ ಸಾಮಾನ್ಯವಾಗಿ ಮೂರು ಆಯ್ಕೆಗಳಿರುತ್ತವೆ: ಕೇವಲ ಕಪ್ಪು-ಬಿಳುಪು, ಬೂದು ಛಾಯೆ, ಪೂರ್ಣ ಬಣ್ಣ. ಕಪ್ಪು-ಬಿಳುಪಿನಲ್ಲಿ ಯಂತ್ರವು ಪ್ರತಿಯೊಂದು ಬಿಂದುವನ್ನೂ ಕಪ್ಪು ಅಥವಾ ಬಿಳಿ ಎಂದು ತೀರ್ಮಾನಿಸಿಬಿಡುತ್ತದೆ. ಮಾಸಿದ ಶಾಯಿ ಬಿಳಿಯ ಪಾಲಾಗುತ್ತದೆ. ನೀರಿನ ಕಲೆಯು ಕಪ್ಪಾಗಿ ಅಕ್ಷರವನ್ನು ನುಂಗುತ್ತದೆ. ಒಮ್ಮೆ ಹೀಗೆ ಕಳೆದುಹೋದ ಛಾಯೆಯನ್ನು ಆ ಚಿತ್ರದಿಂದ ಮರಳಿ ಪಡೆಯುವ ಉಪಾಯವಿಲ್ಲ. ಹಳೆಯ ವಹಿಗಳಲ್ಲಿ ಕೆಂಪು ಶಾಯಿಯ ತಿದ್ದುಪಡಿ, ನೇರಳೆ ಬಣ್ಣದ ಕಾಪಿಯಿಂಗ್ ಪೆನ್ಸಿಲ್, ನೀಲಿ ಮೊಹರು, ಹೆಬ್ಬೆಟ್ಟಿನ ಗುರುತು ಇವೆಲ್ಲ ಒಂದೇ ಪುಟದಲ್ಲಿ ಇರುತ್ತವೆ. ಮೂಲ ನಮೂದು ಯಾವುದು, ತರುವಾಯದ ಷರಾ ಯಾವುದು ಎಂದು ಬೇರ್ಪಡಿಸಲು ಬಣ್ಣವೇ ಆಧಾರ. ಆದಕಾರಣ ಹಳೆಯ ವಹಿಗಳಿಗೆ ಪೂರ್ಣ ಬಣ್ಣವನ್ನೇ ಬಳಸುವುದು ಯುಕ್ತ. ಬಿಳಿ ಹಾಳೆಯ ಮೇಲೆ ಕಪ್ಪಾಗಿ ಮುದ್ರಿತವಾದ, ಸಹಿ-ಮೊಹರುಗಳಿಲ್ಲದ ಇತ್ತೀಚಿನ ಗಣಕ ಪ್ರತಿಗಳಿಗೆ ಮಾತ್ರ ಕಪ್ಪು-ಬಿಳುಪು ಸಾಕು.

ಎರಡನೆಯದು ಸೂಕ್ಷ್ಮತೆ, ಅಂದರೆ ಒಂದು ಅಂಗುಲದಲ್ಲಿ ಯಂತ್ರವು ಗುರುತಿಸುವ ಬಿಂದುಗಳ ಸಂಖ್ಯೆ. ಇದನ್ನೇ ಡಿಪಿಐ ಎನ್ನುವುದು. ಕನ್ನಡ ಬರಹಕ್ಕೆ ಇದರ ಅಗತ್ಯ ವಿಶೇಷವಾಗಿದೆ. ಏಕೆಂದರೆ ಹೆಸರಿನ ಅರ್ಥ ಬದಲಾಗುವುದು ಒತ್ತಕ್ಷರದಿಂದ, ದೀರ್ಘದಿಂದ, ಅನುಸ್ವಾರದಿಂದ. ಒಂದು ಮಿಲಿಮೀಟರ್ ಎತ್ತರದ ಒತ್ತಕ್ಷರಕ್ಕೆ 150 ಡಿಪಿಐನಲ್ಲಿ ಸುಮಾರು 6 ಬಿಂದುಗಳು, 300ರಲ್ಲಿ 12, 600ರಲ್ಲಿ 24 ಬಿಂದುಗಳು ದೊರೆಯುತ್ತವೆ. ಆರು ಬಿಂದುಗಳಲ್ಲಿ ಒತ್ತಕ್ಷರವು ಒಂದು ಚುಕ್ಕೆಯಾಗಿ ಬಿಡುತ್ತದೆ. ಸಾಮಾನ್ಯ ವಹಿಗಳಿಗೆ 300 ಡಿಪಿಐ ಕನಿಷ್ಠ ಮಿತಿಯಾಗಿರಲಿ. ಮೋಡಿ ಬರಹ, ಕಿರಿದಾದ ಪೆನ್ಸಿಲ್ ಬರಹ, ನಕ್ಷೆ ಇವುಗಳಿಗೆ 400 ಅಥವಾ 600 ಉಚಿತ.

ಇಷ್ಟಕ್ಕೆ ಕಡತದ ಗಾತ್ರ ಹೆಚ್ಚುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಎ4 ಅಳತೆಯ ಒಂದು ಪುಟವು 300 ಡಿಪಿಐನಲ್ಲಿ, ಸಂಕುಚಿತಗೊಳಿಸದೆ, ಬಣ್ಣದಲ್ಲಾದರೆ ಸುಮಾರು 26 ಮೆಗಾಬೈಟ್, ಬೂದು ಛಾಯೆಯಲ್ಲಾದರೆ ಸುಮಾರು 9, ಕಪ್ಪು-ಬಿಳುಪಿನಲ್ಲಾದರೆ ಸುಮಾರು 1 ಮೆಗಾಬೈಟ್ ಆಗುತ್ತದೆ. ಬಣ್ಣದ ಪುಟ ದೊಡ್ಡದೆಂಬುದು ನಿಜ. ಆದರೂ ಒಂದು ಟೆರಾಬೈಟಿನ ಒಂದು ಡಿಸ್ಕಿನಲ್ಲಿ ಇಂತಹ ಸುಮಾರು 38 ಸಾವಿರ ಪುಟಗಳು ಹಿಡಿಸುತ್ತವೆ. ಗುಣ ಕೆಡಿಸದ ಸಂಕುಚನವನ್ನು ಬಳಸಿದರೆ ಇನ್ನೂ ಹೆಚ್ಚು. ಡಿಸ್ಕನ್ನು ಮತ್ತೆ ಕೊಳ್ಳಬಹುದು. ನಶಿಸಿದ ವಹಿಯನ್ನು ಕೊಳ್ಳಲಾಗದು.

ಮೂರನೆಯದು ಸಂಕುಚನ. 2013ರಲ್ಲಿ ಜರ್ಮನಿಯ ಗಣಕ ವಿಜ್ಞಾನಿ ಡೇವಿಡ್ ಕ್ರೀಸೆಲ್ ಎಂಬವರು ಬೆಳಕಿಗೆ ತಂದ ಸಂಗತಿಯನ್ನು ಇಲ್ಲಿ ನೆನೆಯಬೇಕು. ಕಟ್ಟಡದ ನಕ್ಷೆಯೊಂದನ್ನು ಸ್ಕ್ಯಾನ್ ಮಾಡಿದಾಗ ಬೇರೆ ಬೇರೆ ಕೋಣೆಗಳ ವಿಸ್ತೀರ್ಣವು ಒಂದೇ ಅಂಕೆಯಾಗಿ, 14.13 ಎಂದು, ಬಂದಿತ್ತು. ಕಡತವನ್ನು ಚಿಕ್ಕದಾಗಿಸಲು ಯಂತ್ರವು ಒಂದೇ ತೆರನಾಗಿ ಕಾಣುವ ತುಣುಕುಗಳನ್ನು ಗುಂಪುಗೂಡಿಸಿ, ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇರಿಸಿತ್ತು. ಅಂಕೆಗಳು ಮಸುಕಾಗದೆ ಸ್ವಚ್ಛವಾಗಿಯೇ ಇದ್ದುದರಿಂದ ತಪ್ಪು ಕಣ್ಣಿಗೆ ಬೀಳುವಂತಿರಲಿಲ್ಲ. ಗುಂಟೆ-ಆಣೆಗಳ ಲೆಕ್ಕವಿರುವ ವಹಿಯಲ್ಲಿ ಹೀಗಾದರೆ ಪರಿಣಾಮವೇನೆಂಬುದನ್ನು ವಿವರಿಸಬೇಕಿಲ್ಲ. ಮೂಲಪ್ರತಿಯನ್ನು ಟಿಫ್ ರೂಪದಲ್ಲಿ, ಗುಣ ಕೆಡಿಸದ ಸಂಕುಚನದೊಡನೆ ಇಡತಕ್ಕದ್ದು. ಸಾರ್ವಜನಿಕರಿಗೆ ನೀಡುವ ಪ್ರತಿಯನ್ನು ಅದರಿಂದ ಪಿಡಿಎಫ್-ಎ ರೂಪದಲ್ಲಿ ಪ್ರತ್ಯೇಕವಾಗಿ ಸಿದ್ಧಪಡಿಸಬಹುದು.

ನಾಲ್ಕನೆಯದು, ಸಹಾಯ ಮಾಡುವಂತೆ ಕಂಡರೂ ಹಾನಿ ಮಾಡುವ ಕೆಲವು ಸ್ವಯಂಚಾಲಿತ ಆಯ್ಕೆಗಳು. ಚುಕ್ಕೆ ತೆಗೆಯುವ ಆಯ್ಕೆಯು ಧೂಳಿನ ಕಣದೊಂದಿಗೆ ದಶಮಾಂಶದ ಬಿಂದುವನ್ನೂ ತೆಗೆಯಬಲ್ಲದು. ಭಟ್ಕಳದಲ್ಲಿ ಉರ್ದು ಹಾಗೂ ನವಾಯತಿ ಬರಹದ ಕಾಗದಗಳೂ ಇವೆ. ಆ ಲಿಪಿಯಲ್ಲಿ ಒಂದಕ್ಷರವನ್ನು ಇನ್ನೊಂದರಿಂದ ಬೇರೆ ಮಾಡುವುದೇ ಚುಕ್ಕೆ. ಕೆಂಪು ಬಣ್ಣವನ್ನು ಬಿಡುವ ಆಯ್ಕೆಯು ಕೆಂಪು ಶಾಯಿಯ ತಿದ್ದುಪಡಿಯನ್ನೇ ಅಳಿಸುತ್ತದೆ. ಖಾಲಿ ಪುಟ ಬಿಡುವ ಆಯ್ಕೆಯು ಮಸುಕಾದ ಒಂದು ಸಹಿ ಮಾತ್ರವಿರುವ ಪುಟವನ್ನು ಖಾಲಿಯೆಂದೇ ಎಣಿಸಬಹುದು. ಅಂಚು ಕತ್ತರಿಸುವ ಆಯ್ಕೆಯಿಂದ ಬದಿಯ ಷರಾ ಹೋಗುತ್ತದೆ. ಮೂಲಪ್ರತಿ ತೆಗೆಯುವಾಗ ಈ ನಾಲ್ಕನ್ನೂ ಮುಚ್ಚಿಡುವುದು ಕ್ಷೇಮಕರ.

ಕೆಲಸದ ಕ್ರಮವೂ ಮುಖ್ಯ. ಮಳೆಗಾಲದಲ್ಲಿ ಪುಟಗಳು ತೇವ ಹೀರಿ ಒಂದಕ್ಕೊಂದು ಅಂಟುವುದರಿಂದ ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಒಣ ಅವಧಿಯೇ ಪ್ರಶಸ್ತ. ತೇವಗೊಂಡ ವಹಿಯನ್ನು ನೆರಳಿನ ಗಾಳಿಯಲ್ಲಿ ಆರಿಸಬೇಕು. ಬಿಸಿಲಿಗೆ ಶಾಯಿ ಮಾಸುತ್ತದೆ. ಹಾಳೆಗಳನ್ನು ತಾನಾಗಿ ಒಳಗೆಳೆಯುವ ಯಂತ್ರಕ್ಕೆ ಹಳೆಯ ಕಾಗದವನ್ನು ಕೊಡಲಾಗದು. ಬೆನ್ನು ಕಟ್ಟಿದ ವಹಿಯನ್ನು ಗಾಜಿನ ಮೇಲೆ ಮಗುಚಿ ಮುಚ್ಚಳದಿಂದ ಒತ್ತುವ ಬದಲು, ಮೇಲಿನಿಂದ ಚಿತ್ರ ತೆಗೆಯುವ ಯಂತ್ರವನ್ನು ಬಳಸುವುದು ಮೇಲು. ಪ್ರತಿಯೊಂದು ವಹಿಯನ್ನು ಆರಂಭಿಸುವ ಮುನ್ನ ಅದರಲ್ಲಿ ಅತಿ ಕೆಟ್ಟ ಸ್ಥಿತಿಯಲ್ಲಿರುವ ಪುಟವನ್ನು ಹುಡುಕಿ, ಅದನ್ನು ಮೊದಲು ಸ್ಕ್ಯಾನ್ ಮಾಡಿ, ಪರದೆಯ ಮೇಲೆ ದೊಡ್ಡದು ಮಾಡಿ, ಮೂಲದ ಪಕ್ಕದಲ್ಲಿಟ್ಟು ಓದಿ ನೋಡಬೇಕು. ಕಾಗದದ ಮೇಲೆ ಕಾಣುವುದೆಲ್ಲವೂ ಪರದೆಯ ಮೇಲೆ ಕಂಡರೆ ಮಾತ್ರ ಆ ಸೆಟ್ಟಿಂಗ್‌ನಿಂದ ಉಳಿದ ಪುಟಗಳನ್ನು ಮುಂದುವರಿಸಬೇಕು. ಕೊನೆಯಲ್ಲಿ ವಹಿಯ ಪುಟಗಳ ಸಂಖ್ಯೆಗೂ ಚಿತ್ರಗಳ ಸಂಖ್ಯೆಗೂ ತಾಳೆ ಹಾಕಬೇಕು.

ಕಾನೂನಿನ ದೃಷ್ಟಿಯೂ ಇದೇ ಆಗಿದೆ. ವಿದ್ಯುನ್ಮಾನ ರೂಪದಲ್ಲಿ ಉಳಿಸಿದ ದಾಖಲೆಯು ಮೂಲ ಮಾಹಿತಿಯನ್ನು ಯಥಾವತ್ತಾಗಿ ತೋರಿಸುವಂತಿರಬೇಕೆಂದು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 7ನೇ ಕಲಂ ಅಪೇಕ್ಷಿಸುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಕಡತದ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕಾಗುತ್ತದೆ. ಕಡತದಲ್ಲಿ ಒಂದು ಬಿಂದು ಬದಲಾದರೂ ಈ ಮೌಲ್ಯ ಬದಲಾಗುವುದರಿಂದ, ಸ್ಕ್ಯಾನ್ ಮುಗಿದ ದಿನವೇ ಅದನ್ನು ಬರೆದಿಡುವುದು ಉತ್ತಮ. ಪ್ರತಿಗಳಲ್ಲಿ ಒಂದಾದರೂ ಬೇರೆ ಊರಿನ, ನೆರೆ ತಲುಪದ ಕಟ್ಟಡದಲ್ಲಿರಲಿ. ಸ್ಕ್ಯಾನ್ ಆಯಿತೆಂಬ ಕಾರಣಕ್ಕೆ ಮೂಲ ವಹಿಯನ್ನು ವಿಲೇವಾರಿ ಮಾಡಲಾಗದು.

ಶರಾವತಿಯ ದಂಡೆಯಿಂದಲೋ ಅಘನಾಶಿನಿಯ ದಂಡೆಯಿಂದಲೋ ವೃದ್ಧರೊಬ್ಬರು ತಮ್ಮ ಅಜ್ಜನ ಹೆಸರನ್ನು ಹುಡುಕಿಕೊಂಡು ಪಂಚಾಯತಿಯ ಮೆಟ್ಟಿಲು ಹತ್ತಿದಾಗ, ಸಿಬ್ಬಂದಿಯು ಪರದೆಯ ಮೇಲೆ ಆ ಸಾಲನ್ನು ತೋರಿಸುವಂತಾಗಬೇಕು. ಅದಕ್ಕೆ ಬೇಕಾದುದು ಪ್ರತಿ ವಹಿಗೂ ಮೊದಲ ಹತ್ತು ನಿಮಿಷಗಳ ಪರೀಕ್ಷೆ. ಈ ಒಣ ಅವಧಿಯಲ್ಲಿಯೇ ಪ್ರತಿ ಪಂಚಾಯತಿಯೂ ತನ್ನ ಅತ್ಯಂತ ಹಳೆಯ ಮನೆ ತೆರಿಗೆ ವಹಿಯಿಂದ ಈ ಕಾರ್ಯವನ್ನು ಆರಂಭಿಸಲೆಂಬ ಆಶಯದೊಂದಿಗೆ ಉಪನ್ಯಾಸವು ಮುಕ್ತಾಯಗೊಳ್ಳುತ್ತದೆ.